ಎಡಗೈ ಅಭಯದ ಲಕ್ಷ್ಮಿ

ದೀಪದ ಕುಡಿ ಸರಿಮಾಡಿ, ಅಂಗೈಯಲ್ಲಿ ನಾಲ್ಕು ಅಕ್ಷತೆ ಹಿಡಿದು ಕೇಳಿರಿ. ಸೀರೆಯ ಮಾತು ಮಂಗಳಾರತಿಯಾದ ಮೇಲೆ ಆಡಿದರೂ ನಡೆದೀತು.

ಕಲ್ಲಚ್ಚಿನ ಕಾಲದಲ್ಲಿ, ಹೊಳೆದಂಡೆಯ ಪೇಟೆಯೊಂದರಲ್ಲಿ ಭರಮಪ್ಪನೆಂಬ ಚಿತ್ರಗಾರನಿದ್ದನು. ಅವನು ಕಲ್ಲಿನ ಮೇಲೆ ದೇವರನ್ನು ಬರೆದು ಕಾಗದಕ್ಕೆ ಒತ್ತುವನು, ಹೆಂಡತಿ ತುಳಜವ್ವ ಆ ಪಟಗಳನ್ನು ಮಾರುವಳು. ಕಲ್ಲಿನ ಬಲಗೈ ಕಾಗದದಲ್ಲಿ ಎಡಗೈಯಾಗುವುದರಿಂದ, ಎಲ್ಲವನ್ನೂ ತಿರುವಿ ಬರೆದು, ಶುಕ್ರವಾರ ದೀಪ ಹಚ್ಚಿ, ಕಲ್ಲಿನ ಮೇಲಿನ ದೇವಿಯನ್ನು ಕನ್ನಡಿಯಲ್ಲಿ ನೋಡಿದ ಮೇಲೆಯೇ ಮಸಿ ಹಚ್ಚುವುದು ಆ ಮನೆಯ ವ್ರತ.

ಒಂದು ವರ್ಷ ಶ್ರಾವಣ ಹತ್ತಿರವಾಗಿ, ಗಿರಾಕಿಗಳು ಬಾಗಿಲಲ್ಲಿ ನಿಂತಿರಲು, ತುಳಜವ್ವ ಶುಕ್ರವಾರದವರೆಗೆ ಕಾಯಲೊಲ್ಲದೆ, ಇಷ್ಟು ವರ್ಷ ಪಳಗಿದ ಕೈಗೆ ಕನ್ನಡಿ ಯಾಕೆಂದು ಗಂಡನನ್ನು ಅವಸರಪಡಿಸಿ ನೂರು ಪಟ ಅಚ್ಚು ಹಾಕಿಸಿದಳು. ನೋಡಿದರೆ ಲಕ್ಷ್ಮಿ ಎಡಗೈ ಎತ್ತಿ ಅಭಯ ಕೊಡುತ್ತಿದ್ದಳು. ಹೊಳೆಗೆ ಬಿಡೋಣವೆಂದು ಭರಮಪ್ಪ ಹೇಳಲು, ಜನ ನೋಡುವುದು ಜರಿಯಂಚನ್ನು, ಕೈಯನ್ನಲ್ಲ ಎಂದು ನಕ್ಕು ನೂರೂ ಪಟಗಳನ್ನು ಮಾರಿದಳು. ಅವಳ ಮಾತು ನಿಜವೇ ಆಯಿತು. ಯಾರೂ ನೋಡಲಿಲ್ಲ.

ಆದರೆ ಮರುವಾರವೇ ಭರಮಪ್ಪನ ಬಲಗೈ ಜೋಮು ಹಿಡಿದು, ಕುಂಚವಿರಲಿ, ತುತ್ತು ಎತ್ತಲೂ ಬಾರದಾಯಿತು. ಎಣ್ಣೆ, ಲೇಪ, ತಾಯಿತ ಎಲ್ಲ ಆದವು. ಆಗ ಮುತ್ತೈದೆಯೊಬ್ಬಳು ಬಾಗಿಲಿಗೆ ಬಂದಳು. ಯಾರೆಂದು ಕೇಳಬೇಡಿ, ಇಂಥ ಹೊತ್ತಿಗೆ ಒಬ್ಬಳು ಬಂದೇ ಬರುತ್ತಾಳೆ. ಐದು ಶುಕ್ರವಾರ ಕಲ್ಲಿನ ಮುಂದೆ ದೀಪವಿಟ್ಟು, ಮನೆಮನೆಗೆ ನೀನೇ ಹೋಗಿ, ತಪ್ಪೊಪ್ಪಿಕೊಂಡು, ಹಳೆಯ ಅಚ್ಚಿನ ಸರಿಯಾದ ಪಟ ಕೊಟ್ಟು, ಎಡಗೈಯ ಪಟಗಳನ್ನು ಬೇಡಿ ತಂದು ಹೊಳೆಗೆ ಬಿಡು, ಗಂಡನ ಕೈ ಏಳುವುದು ಎಂದು ಹೇಳಿ ಹೋದಳು.

ಯಾರೆದುರೂ ತಲೆ ತಗ್ಗಿಸದ ತುಳಜವ್ವ ಮನೆಮನೆ ಅಲೆದು, ಕೊಂಕು ಕೇಳಿ, ಐದನೆಯ ಶುಕ್ರವಾರದ ಹೊತ್ತಿಗೆ ತೊಂಬತ್ತೊಂಬತ್ತು ತಂದಳು. ನೂರನೆಯದು ಹತ್ತಿ ಬಿಡಿಸುವ ಸಂಕವ್ವನ ಗೋಡೆಯ ಮೇಲಿತ್ತು. ಕಾಲು ಹಿಡಿದರೂ ಅವಳು ಒಪ್ಪಲಿಲ್ಲ.

"ಬಾಣಂತನದಾಗ ಮಗಳು ಹೋಗೇಬಿಟ್ಟಿದ್ಲು, ಈ ತಾಯೇ ಆಕಿನ್ನ ಎಬ್ಬಿಸ್ಯಾಳ. ನಿನಗ ತಪ್ಪು ಕಂಡೈತಿ ತಂಗಿ, ನನಗ ಕೈ ಕಂಡೈತಿ. ನಾ ಕೊಡಂಗಿಲ್ಲ."

ಕಿತ್ತುಕೊಂಡು ಓಡೋಣವೆಂದು ತುಳಜವ್ವನಿಗೆ ಒಂದು ಗಳಿಗೆ ಅನ್ನಿಸಿತು. ಪಕ್ಕದಲ್ಲಿ ಆ ಮಗಳ ಮಡಿಲಲ್ಲಿ ಕೂಸು ಹಾಲು ಕುಡಿಯುತ್ತಿತ್ತು. ತಾನು ಮಾರಿದ ಕೈಯನ್ನು ಅವಳು ಆಗ ಮೊದಲ ಸಲ ನೋಡಿ, ಆ ಎಡ ಅಂಗೈಗೆ ಕುಂಕುಮವಿಟ್ಟು, ಅಡ್ಡಬಿದ್ದು, ಗಂಡನ ಕೈ ಇನ್ನು ಹೋದಂತೆಯೇ ಎಂದು ಅಳುತ್ತ ಬರಿಗೈಯಲ್ಲಿ ಮನೆಗೆ ಬಂದಳು.

ಭರಮಪ್ಪ ಬಲಗೈಯಿಂದ ರೊಟ್ಟಿ ಮುರಿಯುತ್ತ ಕೂತಿದ್ದನು. ಪಲ್ಯಕ್ಕೆ ಉಪ್ಪು ಸಾಲದೆಂದನು.

ಮುಂದೆ ಅವರು ಕನ್ನಡಿ ನೋಡದೆ ಮಸಿ ಮುಟ್ಟಲಿಲ್ಲ, ಮನೆ ಬೆಳೆಯಿತು. ಈ ಕಥೆ ಹೇಳಿದವರಿಗೂ, ಕೇಳಿದವರಿಗೂ, ತೂಕಡಿಸುತ್ತ ಹೂಂಗುಟ್ಟಿದವರಿಗೂ ತಾಯಿ ಕೈ ಎತ್ತಿ ಅಭಯ ಕೊಡುವಳು. ಯಾವ ಕೈ ಎಂಬುದು ಅವಳಿಗೆ ಬಿಟ್ಟದ್ದು.