ಅಲಸಂದೆ ಬಿಡದ ಕೋಲು

ಕಥೆ ಹೇಳಿ ಅಭ್ಯಾಸವಿಲ್ಲ, ಕೆಟ್ಟರೆ ಕ್ಷಮಿಸಿ. ತಂಗಮ್ಮ ಒಲೆಯ ಮೇಲೆ ತೂಗುಹಾಕಿ ಮರೆತಿದ್ದ ಒಣ ಹೀರೆಕಾಯಿಯ ಬೀಜವನ್ನು ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತಿದಳು. ಹೊಗೆ ತಾಗಿದರೆ ಬೀಜಕ್ಕೆ ಹುಳು ಬೀಳುವುದಿಲ್ಲ, ಅದಕ್ಕೇ ಒಲೆಯ ಮೇಲೆ. ಹೀರೆ ಮೊಳೆತು ನೋಡಿದರೆ ಚಪ್ಪರದ ತುಂಬ ಕುಂಬಳದ ಬಳ್ಳಿ.

"ಪಂಕ್ತಿ ಎದ್ದ ಮೇಲೆ ಊಟಕ್ಕೆ ಬಂದೆಯಾ?" ಎಂದು ಕುಂಬಳ ನಕ್ಕಿತು.

ಹೀರೆಗೆ ಅಳು ಬಂತು. ನೆಲದಲ್ಲೇ ಹರಿದರೆ ಕಾಯಿ ಕೊಳೆಯುತ್ತದೆ, ಹೇಗಾದರೂ ಹತ್ತಲೇಬೇಕು. ಆಗ ಪಕ್ಕದ ಕೋಲಿಗೆ ಸುತ್ತಿಕೊಂಡು ಒಣಗಿದ್ದ ಅಲಸಂದೆ ಬಳ್ಳಿ ಹೇಳಿತು: "ನನ್ನನ್ನು ಹಿಡಿದುಕೋ ಮಗಳೇ. ಒಣಗಿದರೂ ನಾನು ಕೋಲು ಬಿಟ್ಟಿಲ್ಲ."

ಹೀರೆ ಹಿಡಿದುಕೊಂಡಿತು. ಒಣಬಳ್ಳಿ ಕೀಳಲು ಬಂದ ತಂಗಮ್ಮ, ಅದಕ್ಕೆ ಸುತ್ತಿದ್ದ ಹಸಿರು ಕುಡಿಯನ್ನು ಕಂಡು, "ಇರಲಿ ಬಿಡು" ಎಂದು ಕೈ ಹಿಂದೆಗೆದಳು.

ಹೀರೆ ಕೋಲಿನ ತುದಿ ಮುಟ್ಟಿ ಕಾಯಿ ಬಿಟ್ಟಿತು. ಅಷ್ಟರಲ್ಲಿ ಅಲಸಂದೆಯ ಕೊನೆಯ ಕಾಯಿ ಒಡೆದು ಬೀಜಗಳು ಬುಡದಲ್ಲಿ ಬಿದ್ದವು.

"ಇವು ಯಾವಾಗ ಮೊಳೆಯುತ್ತವೋ!" ಎಂದಿತು ಅಲಸಂದೆ.

"ತಡವಾದರೂ ಮೊಳೆಯಲಿ ಅಜ್ಜಿ. ಅಷ್ಟರಲ್ಲಿ ನಾನೂ ಒಣಗಿರುತ್ತೇನೆ, ಕೋಲು ಮಾತ್ರ ಬಿಟ್ಟಿರುವುದಿಲ್ಲ."

ಇದರ ನೀತಿ ಏನೆಂದರೆ, ತಡವಾಗಿ ಬಂದವರಿಗೆ... ಬಂದೆ ಅತ್ತಿಗೆ! ಗಿಡಕ್ಕೆ ನೀರು ಹಾಕಬೇಕಂತೆ.