ವೀಳ್ಯಕ್ಕೆ ಹಚ್ಚಿದ ಸುಣ್ಣ

“ಬುದ್ಧಿ, ನೆಲದೊಳಗೆ ಏನಿದೆ ಎಂಬುದನ್ನು ನನ್ನಂಥವಳು ಹೇಗೆ ತಿಳಿಯಬೇಕು?” ಎಂದು ದಾಕ್ಷಾಯಿಣಿ ಮಠದ ಗುರುಗಳನ್ನು ಕೇಳಿದಳು.

“ನೆಲದೊಳಗಿನ ಚಿಂತೆ ನಿನಗೇಕೆ ಬಂತು ತಾಯಿ?” ಎಂದರು ಗುರುಗಳು.

ಆಕೆ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿಯ ಹಣ ಬ್ಯಾಂಕಿನಲ್ಲಿತ್ತು. ಅದು ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಬ್ಯಾಟರಿಗೆ ಬೇಕಾದ ಲಿಥಿಯಂ ಎಂಬ ಲೋಹವನ್ನು ತೆಗೆಯಲು ಹೊರಟ ಒಂದು ಪುಟ್ಟ ಕಂಪನಿಯ ಷೇರಿಗೆ ಅಷ್ಟನ್ನೂ ಹಾಕಿಬಿಡಿ ಎಂದು ಅಳಿಯ ಹೇಳುತ್ತಿದ್ದ. ಸೋಮವಾರ ಸಹಿ ಮಾಡಬೇಕಿತ್ತು.

“ಕಲ್ಲನ್ನು ಪರೀಕ್ಷೆ ಮಾಡಿಸಿದ್ದಾರಂತೆ. ಲಿಥಿಯಂ ಇರುವುದು ನಿಜವಂತೆ. ಇನ್ನು ಮುಂದೆ ರಸ್ತೆಯಲ್ಲಿ ಓಡುವುದೆಲ್ಲ ಬ್ಯಾಟರಿ ಗಾಡಿಯೇ ಅಂತೆ. ಆದರೂ ಅನ್ನ ಸೇರುತ್ತಿಲ್ಲ ಬುದ್ಧಿ. ನನಗೆ ಇಂಜೆಕ್ಷನ್ ಗೊತ್ತು, ಕಲ್ಲು ಗೊತ್ತಿಲ್ಲ.”

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ಬಳಿಗೆ ಒಬ್ಬ ಗುಡ್ಡದೊಡೆಯ ಬಂದ. “ನನ್ನ ಗುಡ್ಡದ ತುಂಬ ಸುಣ್ಣದ ಕಲ್ಲು. ಅಗೆದು ಸುಡಲು ಹಣವಿಲ್ಲ. ನೀವು ಹಾಕಿ, ಬಂದದ್ದರಲ್ಲಿ ಅರ್ಧ ನಿಮಗೆ” ಎಂದ. ಒಂದು ಕಲ್ಲನ್ನೂ ಮುಂದಿಟ್ಟ.

ವ್ಯಾಪಾರಿ ದಡ್ಡನಲ್ಲ. ಕಲ್ಲನ್ನು ಸುಟ್ಟು ನೀರು ಹಾಕಿ ನೋಡಿದ. ಅದು ಬುಸುಗುಟ್ಟಿ ಅರಳಿ ಬೆಣ್ಣೆಯಂಥ ಸುಣ್ಣವಾಯಿತು. ಅಷ್ಟಕ್ಕೇ ಅವನು ಒಪ್ಪಲಿಲ್ಲ. ತೋರಿಸುವವನು ಒಳ್ಳೆಯದನ್ನೇ ಆರಿಸಿ ತಂದಿರುತ್ತಾನೆ ಎಂದುಕೊಂಡು ಗುಡ್ಡಕ್ಕೇ ಹೋದ. ತನಗೆ ತೋಚಿದ ಕಡೆಯೆಲ್ಲ ಅಗೆಸಿದ. ಎಲ್ಲಿ ಅಗೆದರೂ ಅದೇ ಕಲ್ಲು. ಮೋಸವಿರಲಿಲ್ಲ. ಮೋಸವಿಲ್ಲ ಎಂದಾದ ಮೇಲೆ ಲಾಭವಿದೆ ಎಂದೇ ಲೆಕ್ಕ ಹಾಕಿದ. ಜಾಣರು ಜಾರುವ ಜಾಗ ಅದೇ.

ಆದರೂ ಅವನಿಗೆ ಊಟ ಸೇರದಾಯಿತು. ಗುಡ್ಡಕ್ಕೆ ಹಣ ಹಾಕಬೇಕಾದರೆ ತಂದೆಯ ಕಾಲದ ಅಂಗಡಿಯನ್ನು ಮಾರಬೇಕಿತ್ತು. ಬೇಡ ಎನ್ನಲು ಕಾರಣ ಹುಡುಕಿದ, ಸಿಗಲಿಲ್ಲ. ಕಾರಣವಿಲ್ಲದೆ ಬೇಡ ಎನ್ನಲು ನಾಚಿಕೆಯಾಯಿತು. “ಆಗಲಿ” ಎಂದ.

ಆ ಸೀಮೆಯಲ್ಲಿ ವೀಳ್ಯ ಹಾಕಿಕೊಂಡರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿಯುವಂತಿಲ್ಲ. ಗುಡ್ಡದೊಡೆಯ ಅವನನ್ನು ತನ್ನ ಮನೆಯ ಜಗಲಿಯ ಮೇಲೆ ಕೂರಿಸಿದ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟ. ಒಳಗಿನಿಂದ ಸುಣ್ಣದ ಡಬ್ಬಿ ತರಿಸಿದ. ವ್ಯಾಪಾರಿ ಎಲೆಗೆ ಸುಣ್ಣ ಹಚ್ಚಿದ. ನುಣುಪಾದ ಸುಣ್ಣ. ಎರಡು ಒಳ್ಳೆಯ ಮಾತು ಆಡೋಣ ಎನ್ನಿಸಿತು.

“ನಿಮ್ಮ ಗುಡ್ಡದ್ದು ಎಂದರೆ ಗುಡ್ಡದ್ದೇ ಬಿಡಿ. ಎಂಥ ಸುಣ್ಣ!” ಎಂದ.

ಗುಡ್ಡದೊಡೆಯ ನಕ್ಕುಬಿಟ್ಟ. “ಅಯ್ಯೋ ಶೆಟ್ಟರೇ, ಇದು ಸಂತೆಯದು. ನಮ್ಮ ಕಲ್ಲು ಸುಡಬೇಕಾದರೆ ಹೊಳೆಯಾಚೆಯಿಂದ ಸೌದೆ ಬರಬೇಕು. ಅಷ್ಟು ಖರ್ಚು ಮಾಡಿ ಎಲೆಗೆ ಹಚ್ಚಿಕೊಳ್ಳುವುದಕ್ಕೆ ನಾವೇನು ಅರಸರೇ? ಸಂತೆಯಲ್ಲಿ ಒಂದು ಕಾಸಿಗೆ ಅಂಗೈ ತುಂಬ ಕೊಡುತ್ತಾರೆ.”

ವೀಳ್ಯ ಬಾಯಿಯ ಹತ್ತಿರ ಹೋಗಿತ್ತು. ವ್ಯಾಪಾರಿಯ ಕೈ ಅಲ್ಲೇ ನಿಂತಿತು. ಅವನು ಮಡಿಸಿದ ಎಲೆಯನ್ನು ಮೆಲ್ಲಗೆ ತಟ್ಟೆಗೆ ಇಳಿಸಿ, ಕೈಮುಗಿದು ಎದ್ದ.

“ಯಾಕೆ ಶೆಟ್ಟರೇ, ನನ್ನ ಕಲ್ಲು ಸುಳ್ಳೇ?”

“ಕಲ್ಲೂ ನಿಜ, ಸೌದೆಯೂ ನಿಜ” ಎಂದು ವ್ಯಾಪಾರಿ ಮೆಟ್ಟಿಲಿಳಿದ.

ದಾರಿಯಲ್ಲಿ ಅವನಿಗೆ ಹಸಿವಾಯಿತು. ಹಾಗೆ ಹಸಿವಾಗಿ ಬಹಳ ದಿನಗಳಾಗಿದ್ದವು. ಒಂದು ಮರದ ಬುಡದಲ್ಲಿ ಕುಳಿತು ಬುತ್ತಿ ಬಿಚ್ಚಿ, ಕೊನೆಯ ತುತ್ತಿನವರೆಗೂ ಉಂಡ. ಮರುದಿನ ಎಂದಿನ ಹೊತ್ತಿಗೆ ಅಂಗಡಿಯ ಬಾಗಿಲು ತೆರೆದ.

ಗುರುಗಳು ಕತೆ ಮುಗಿಸಿದರು. ದಾಕ್ಷಾಯಿಣಿ ಕೈಮುಗಿದಳು.

“ಬದುಕಿದೆ ಬುದ್ಧಿ. ಲಿಥಿಯಂ ಇದೆಯೋ ಇಲ್ಲವೋ ಎಂದು ನಾನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತೆಗೆಯುವ ಖರ್ಚು ಮಾರುವ ಬೆಲೆಗಿಂತ ಕಡಿಮೆಯೇ ಎಂದು ಕೇಳಿದರಾಯಿತು” ಎಂದಳು. ಮರುಗಳಿಗೆಯಲ್ಲೇ ಅನುಮಾನ ಬಂತು. “ಆದರೆ ನಮ್ಮ ಅಳಿಯನನ್ನು ನೀವು ಕಂಡಿಲ್ಲ. ಹಾಗೆ ಕೇಳಿದರೆ ಇಷ್ಟು ದಪ್ಪದ ಇನ್ನೊಂದು ವರದಿ ತಂದು ಮುಂದಿಡುತ್ತಾನೆ. ಅದನ್ನು ಓದಿ ನಾನೇನು ತಿಳಿಯಲಿ?”

ಗುರುಗಳು ಹೇಳಿದರು: “ಓದಬೇಡ ತಾಯಿ. ಅವನು ತನ್ನ ದುಡ್ಡು ಎಷ್ಟು ಹಾಕಿದ್ದಾನೆ ಎಂದು ಕೇಳು.”