ಎರಕದ ಮನೆಯ ಹಿಂದಿನ ಜಗಲಿ

“ಬುದ್ಧಿ, ಸಂಬಳ ಕೊಡುವವನು ತನ್ನ ಕೆಲಸಗಾರರ ಮಾತು ಕೇಳಿಸಿಕೊಂಡರೆ ತಪ್ಪೇ?”

ಇಂದುಧರ ಗುರುಗಳ ಮುಂದೆ ಕೂರುವ ಮೊದಲೇ ಕೇಳಿಬಿಟ್ಟ. ಅವನು ದೊಡ್ಡದೊಂದು ಕಂಪ್ಯೂಟರ್ ಕಂಪನಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದ. ಹನ್ನೆರಡು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು. ಅವರು ತಮ್ಮತಮ್ಮಲ್ಲಿ ಕಳಿಸಿಕೊಳ್ಳುವ ಮೆಸೇಜುಗಳನ್ನೆಲ್ಲ ಗುಟ್ಟಾಗಿ ಓದಿ, ಯಾರ ಮನಸ್ಸಿನಲ್ಲಿ ಏನಿದೆ ಎಂದು ಹೇಳುವ ಸಾಫ್ಟ್‌ವೇರ್ ಒಂದನ್ನು ಅವನ ತಂಡ ಸಿದ್ಧಮಾಡಿತ್ತು. ಸೋಮವಾರ ಅದನ್ನು ಚಾಲೂ ಮಾಡಲು ಅವನ ಸಹಿಯೊಂದೇ ಬಾಕಿ.

“ಅದ್ಭುತವಾಗಿದೆ ಬುದ್ಧಿ! ಯಾರು ಕೆಲಸ ಬಿಡ್ತಾರೆ, ಯಾರಿಗೆ ಬೇಜಾರಾಗಿದೆ, ಯಾರಿಗೆ ಆರೋಗ್ಯ ಸರಿಯಿಲ್ಲ, ಎಲ್ಲ ಮೊದಲೇ ಗೊತ್ತಾಗುತ್ತೆ. ಅವರ ಒಳ್ಳೇದಕ್ಕೇ ಅಲ್ವಾ? ಮೆಸೇಜು ಹೋಗೋದೂ ಕಂಪನಿ ಕಂಪ್ಯೂಟರಿಂದಲೇ.”

“ಅವರಿಗೆ ಹೇಳಿದೀರೇನು?”

“ಹೇಳಿದರೆ ನಿಜ ಬರೀತಾರಾ ಬುದ್ಧಿ?”

ಗುರುಗಳು ತೊಡೆ ತಟ್ಟಿಕೊಂಡು ನಕ್ಕರು. “ಎಲಾ ಇವನ! ಸರಿ, ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬೇಡ.”

ಒಂದೂರಲ್ಲಿ ಒಬ್ಬ ವರ್ತಕ. ಕಂಚಿನ ಗಂಟೆ ಹೊಯ್ಯಿಸಿ ಮಾರುವುದು ಅವನ ಕಸುಬು. ನಲವತ್ತು ಜನ ಕೆಲಸಗಾರರು. ಎರಕದ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕುಲುಮೆಯ ಎದುರು ತಪ್ಪಿನ ಮಾತು ಆಡಬಾರದು. ಬಿರುಕು, ಹಸಿ, ಸೋರಿಕೆ ಅನ್ನುವ ಶಬ್ದವನ್ನು ಬೆಂಕಿಯ ಮುಂದೆ ಎತ್ತಿದರೆ ಅಪಶಕುನ. ಹಾಗಂತ ತಪ್ಪು ಆಗದೆ ಇರುತ್ತದೆಯೇ? ಅದಕ್ಕೇ ಹಿಂದೆ ಒಂದು ಜಗಲಿ. ಮಧ್ಯಾಹ್ನ ಎಲೆಯಡಿಕೆಗೆ ಎಲ್ಲರೂ ಅಲ್ಲಿ ಕೂರುತ್ತಿದ್ದರು. ಧಣಿ ಅಲ್ಲಿಗೆ ಕಾಲಿಡುವಂತಿಲ್ಲ, ಅದೂ ಪದ್ಧತಿಯೇ. ‘ನನ್ನ ಅಚ್ಚು ಒಂದು ಕಡೆ ತೆಳ್ಳಗಾಗಿದೆ ಕಣ್ರೋ’ ಎಂದು ಒಬ್ಬ ಹೇಳಿದರೆ, ನಾಲ್ಕು ಜನ ನಕ್ಕು, ಬೈದು, ಎದ್ದುಹೋಗಿ ಸರಿಮಾಡಿಬಿಡುತ್ತಿದ್ದರು. ಧಣಿಯನ್ನು ಬೈಯುತ್ತಿದ್ದುದೂ ಅಲ್ಲೇ.

ವರ್ತಕನಿಗೆ ಇದು ತಡೆಯಲಾಗಲಿಲ್ಲ. ಅಲ್ಲಪ್ಪಾ, ಜಾಗ ನನ್ನದು, ಗೋಡೆ ನನ್ನದು, ಜಗಿಯುವ ಎಲೆಯಡಿಕೆ ಕೂಡ ನನ್ನದು, ಮಾತು ಮಾತ್ರ ನನಗಿಲ್ಲವೇ? ಜಗಲಿಗೆ ತಾಗಿದ ಉಗ್ರಾಣದ ಗೋಡೆಗೆ ಹೆಬ್ಬೆರಳು ಗಾತ್ರದ ಒಂದು ತೂತು ಕೊರೆಸಿದ. ಅದು ಕಾಣದಂತೆ ಜಗಲಿಯ ಕಡೆಯಿಂದ ಮೇಲೊಂದು ಬುಟ್ಟಿ ತೂಗುಹಾಕಿಸಿದ.

ಮೊದಲ ದಿನ ಕಿವಿಯಿಟ್ಟನಲ್ಲ, ಆಹಾ, ಅವನ ಸಂಭ್ರಮ ಕೇಳಬೇಡ! ಊಟದ ಹೊತ್ತು ಮೀರಿದರೂ ಏಳಲಿಲ್ಲ. ಒಬ್ಬನ ಹೆಂಡತಿಗೆ ಜ್ವರ ಎಂದು ಕೇಳಿಸಿತು, ಸಂಜೆಗೆ ವೈದ್ಯರನ್ನು ಕಳಿಸಿದ. ಇನ್ನೊಬ್ಬನ ಮನೆ ಸೋರುತ್ತದೆ ಎಂದು ಕೇಳಿಸಿತು, ಹೆಂಚು ಕಳಿಸಿದ. ‘ನಮ್ಮ ಧಣಿ ದೇವರು ಕಣ್ರೋ, ಕೇಳೋಕೆ ಮೊದಲೇ ಕೊಡ್ತಾರೆ’ ಎಂದು ಅವರು ಹೊಗಳಿದ್ದೂ ತೂತಿನಲ್ಲಿ ಕೇಳಿಸಿತು. ಕುಣಿದಾಡಿಬಿಟ್ಟ ಪುಣ್ಯಾತ್ಮ! ನೋಡು, ಅಲ್ಲಿಯವರೆಗೆ ಅವನು ಕೆಟ್ಟವನೂ ಆಗಿರಲಿಲ್ಲ.

ಎಂಟನೆಯ ದಿನ ಹಿರಿಯ ಎರಕದವನು ಜಗಲಿಯಲ್ಲಿ ಹೇಳಿದ: ‘ಕರಗಿದ ಕಂಚಿನ ಬಣ್ಣ ನನಗೀಗ ಸರಿಯಾಗಿ ಕಾಣ್ತಿಲ್ಲ. ಹೊಯ್ಯುವಾಗ ಯಾರಾದರೂ ಪಕ್ಕದಲ್ಲಿ ನಿಂತ್ಕೊಳ್ರಪ್ಪಾ.’ ‘ನಾವಿದೀವಿ ಬಿಡಣ್ಣ’ ಎಂದರು ಉಳಿದವರು. ಗೋಡೆಯ ಆಚೆ ವರ್ತಕ ಹೆದರಿಬಿಟ್ಟ. ಆಗ ತಾನೇ ಒಂದು ಕೋಟೆಯ ಬಾಗಿಲಿಗೆ ಆಳೆತ್ತರದ ಗಂಟೆ ಬೇಕೆಂದು ಹೇಳಿಕಳಿಸಿದ್ದರು. ಅಂಥ ಗಂಟೆಯನ್ನು ಅವನು ಹಿಂದೆ ಹೊಯ್ಯಿಸಿದ್ದಿಲ್ಲ. ಮರುದಿನವೇ ಆ ಹಿರಿಯನನ್ನು ಎರಕದಿಂದ ತೆಗೆದು ಇದ್ದಿಲು ಹೊರಲು ಹಾಕಿದ. ಮೂವತ್ತು ವರ್ಷ ಎರಕ ಹೊಯ್ದ ಕೈ ಅದು! ಪಾಪ, ಆ ಮನುಷ್ಯ ಬುಟ್ಟಿ ಹೊತ್ತು ಅಳುತ್ತಲೇ ನಡೆದ.

ಯಾಕೆ ಹೀಗಾಯಿತು ಎಂದು ಯಾರೂ ಕೇಳಲಿಲ್ಲ. ಆ ಮಾತು ಅವನು ಆಡಿದ್ದು ಜಗಲಿಯಲ್ಲಿ ಮಾತ್ರ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೋ ಗೋಡೆಯ ಬುಟ್ಟಿ ಸರಿಸಿ ನೋಡಿದರು. ನೋಡಿ ಮತ್ತೆ ಹಾಗೆಯೇ ತೂಗುಹಾಕಿದರು. ಜಗಳವಿಲ್ಲ, ಗಲಾಟೆಯಿಲ್ಲ. ಅಂದಿನಿಂದ ಜಗಲಿಯಲ್ಲಿ ಬಿಸಿಲಿನ ಮಾತು, ಬೀಗರ ಮಾತು, ಎಲೆ ಖಾರವಿದೆ ಅನ್ನುವ ಮಾತು. ವರ್ತಕ ಕಿವಿಯಿಟ್ಟು ಕೇಳಿ, ‘ಅಬ್ಬಾ, ನನ್ನ ಎರಕದ ಮನೆಯಲ್ಲಿ ಈಗ ಒಂದು ತಪ್ಪೂ ಇಲ್ಲ!’ ಎಂದು ಹಿಗ್ಗಿದ. ಎಂಥ ಪೆದ್ದ!

ದೊಡ್ಡ ಗಂಟೆ ಹೊಯ್ಯುವ ದಿನ ಬಂತು. ಊರಿಗೆ ಊರೇ ನೆರೆಯಿತು. ಅಚ್ಚು ಗುಂಡಿಯಲ್ಲಿ ನಿಂತಿತ್ತು. ಅದರ ಒಳಮಣ್ಣು ಇನ್ನೂ ಎರಡು ದಿನ ಒಣಗಬೇಕಿತ್ತು. ಅಚ್ಚು ಕಟ್ಟಿದವನಿಗೆ ಅದು ಗೊತ್ತಿತ್ತು. ಕುಲುಮೆಯ ಮುಂದೆ ಹೇಳುವಂತಿಲ್ಲ. ಜಗಲಿಯಲ್ಲಿ ಹೇಳಿದರೆ ನಾಳೆಯಿಂದ ಅವನಿಗೂ ಇದ್ದಿಲ ಬುಟ್ಟಿ. ಒಣಗಿರಬಹುದು ಬಿಡು ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನೆ ನಿಂತ. ವರ್ತಕ ಹಿಗ್ಗು ತಡೆಯಲಾರದೆ ಎಲ್ಲರಿಗಿಂತ ಮುಂದೆ ಬಂದು ನಿಂತ. ಕುದಿಯುವ ಕಂಚು ಹಸಿ ಮಣ್ಣಿಗೆ ಬಿತ್ತು. ಅಯ್ಯೋ, ಅದು ಸಿಡಿಯುವುದನ್ನು ಕಂಡವರಿಗೇ ಗೊತ್ತು! ಅಚ್ಚು ಒಡೆದು ಕಂಚು ಮೇಲಕ್ಕೆ ಹಾರಿತು. ಇಬ್ಬರು ಕೆಲಸಗಾರರ ಮೈ ಬೆಂದಿತು. ವರ್ತಕನ ಬಲಗೈ ಮೊಣಕೈವರೆಗೆ ಸುಟ್ಟುಹೋಯಿತು.

ಆ ಕೈಗೆ ಬಟ್ಟೆ ಸುತ್ತಿಕೊಂಡು ವರ್ತಕ ಅಚ್ಚಿನವನನ್ನು ಕರೆಸಿದ. ‘ಹಸಿ ಇದೆ ಅಂತ ನಿನಗೆ ಗೊತ್ತಿತ್ತಲ್ಲೋ! ಒಂದು ಮಾತು ಹೇಳಬಾರದಿತ್ತೇ?’

‘ಹೇಳೋಕೆ ನಮಗಿದ್ದದ್ದು ಒಂದೇ ಜಾಗ ಧಣಿ,’ ಎಂದ ಅಚ್ಚಿನವನು. ‘ಅಲ್ಲಿ ನೀವು ಬಂದು ಕೂತುಬಿಟ್ರಿ.’

ಗುರುಗಳು ಕತೆ ನಿಲ್ಲಿಸಿದರು. ಇಂದುಧರನ ಮುಖ ಅರಳಿತು.

“ಅರ್ಥವಾಯ್ತು ಬುದ್ಧಿ. ಹಾಗಾದರೆ ಮೂರು ತಿಂಗಳು ಮಾತ್ರ ನಡೆಸಿ ನೋಡ್ತೀವಿ. ತೊಂದರೆ ಕಂಡರೆ ಅವತ್ತೇ ನಿಲ್ಲಿಸಿಬಿಡ್ತೀವಿ.”

“ಆ ವರ್ತಕನೂ ಅವತ್ತೇ ತೂತು ಮುಚ್ಚಿಸಿದ ಕಣಪ್ಪಾ,” ಎಂದರು ಗುರುಗಳು, “ಜಗಲಿಯಲ್ಲಿ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ.”